ಬಾಗಿಲು ಸಣ್ಣದಾಗುವ ಚಿತ್ರ

೧೮ ಜನವರಿ ೧೯೩೦, ಶನಿವಾರ
ಹೊಸಪೇಟೆ

ಹೊಸ ಪುಸ್ತಕ. ಹಳೆಯದು ದಸರೆಗೇ ತುಂಬಿತ್ತು. ಮೂರು ತಿಂಗಳು ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ, ಅಥವಾ ಇದ್ದದ್ದನ್ನು ಬರೆಯಲು ಮನಸ್ಸಿರಲಿಲ್ಲ.

ಹಗಲು ಬೋರ್ಡು ಸ್ಕೂಲಿನ ನಾಲ್ಕನೇ ಕ್ಲಾಸು. ಸಂಜೆ ಸ್ಟೇಷನ್ ಬಯಲಿನಲ್ಲಿ ತಾಯಪ್ಪನ ಸಿನಿಮಾ ಡೇರೆ. ಪರದೆಯ ಪಕ್ಕ ನಿಂತು, ನಡುನಡುವೆ ಬರುವ ಇಂಗ್ಲಿಷ್ ಬರಹವನ್ನು ಕನ್ನಡದಲ್ಲಿ ಕೂಗಿ ಹೇಳಿ ಕಥೆ ಬಿಡಿಸುವುದು ನನ್ನ ಕೆಲಸ. ತೆಲುಗಿನವರು ಬಂದಿದ್ದರೆ ಅವರಿಗೂ ನಾಲ್ಕು ಮಾತು. ಜನ ನನ್ನನ್ನು ‘ಕಥೆ ತೋಟಪ್ಪ ಮೇಷ್ಟ್ರು’ ಎನ್ನುತ್ತಾರೆ. ಈ ಉಸಾಬರಿ ಯಾಕೆ ಎಂದು ಅವ್ವ ಕೇಳಿದಾಗ ಹವ್ಯಾಸ ಎಂದೆ. ಪುಸ್ತಕಕ್ಕಾದರೂ ಸುಳ್ಳು ಹೇಳುವುದು ಬೇಡ. ಮನೆಗೆ ಹೋಗುವುದು ಎಷ್ಟು ತಡವಾದರೆ ಅಷ್ಟು ಒಳ್ಳೆಯದೆಂದು ಹಿಡಿದ ಕೆಲಸ ಇದು.

ಇಂದು ಮಧ್ಯಾಹ್ನ ಮದರಾಸಿನಿಂದ ಚಿತ್ರದ ಡಬ್ಬಿ ಬಂತು. ಬರಬೇಕಾಗಿದ್ದದ್ದು ಕತ್ತಿಕಾಳಗದ ಚಿತ್ರ. ತಾಯಪ್ಪ ಊರೆಲ್ಲ ಡಂಗುರ ಹೊಡೆಸಿದ್ದ. ತೆರೆದು ನೋಡಿದರೆ ಬೇರೆಯೇ. ಹತ್ತಿ ಗೋದಾಮಿನ ಬಾಗಿಲು ಹಾಕಿ, ಕಿಟಕಿಗೆ ಗೋಣಿ ಕಟ್ಟಿ, ನಾವಿಬ್ಬರೇ ಓಡಿಸಿ ನೋಡಿದೆವು. ಐದು ರೀಲು. ಬರಹದ ಅಕ್ಷರಗಳು ಜಾಲಿಮುಳ್ಳಿನ ಹಾಗೆ. ಒಂದೊಂದಾಗಿ ಗುರುತು ಹಿಡಿದರೆ ಇಂಗ್ಲಿಷಿನ ಅಕ್ಷರಗಳ ನೆಂಟರೇ, ಮಾತು ಮಾತ್ರ ಇಂಗ್ಲಿಷಲ್ಲ. ಯುರೋಪಿನ ಯಾವ ದೇಶದ್ದೋ.

ಚಿತ್ರವೋ, ದೇವರೇ. ಬೀಗ ಮಾಡುವವನೊಬ್ಬ. ಅವನ ಊರಿನ ಮನೆಗಳೆಲ್ಲ ಕುಡಿದವರ ಹಾಗೆ ಒಂದರ ಮೇಲೊಂದು ವಾಲಿವೆ. ಮೆಟ್ಟಿಲು ಗರಗಸದ ಹಲ್ಲು. ನೆರಳು ಬೆಳಕಿನಿಂದ ಬಿದ್ದದ್ದಲ್ಲ, ಮಸಿಯಿಂದ ನೆಲದ ಮೇಲೆ ಬಳಿದದ್ದು. ಮನುಷ್ಯ ಎದ್ದು ಹೋದರೂ ಅವನ ನೆರಳು ಅಲ್ಲೇ ಇರುತ್ತದೆ. ಒಂದು ರೀಲು ಪೂರ್ತಿ ನೀಲಿ ಬಣ್ಣದ್ದು. ಒಮ್ಮೆ ಪರದೆಯ ತುಂಬ ಬರೀ ಒಂದು ಕಣ್ಣು. ರೆಪ್ಪೆ ಬಡಿಯುವುದೋ ನೋಡೋಣವೆಂದು ಎಣಿಸಿದೆ, ಹದಿನೇಳಕ್ಕೂ ಬಡಿಯಲಿಲ್ಲ. ಇವನ ಮನೆಯ ಬಾಗಿಲು ದಿನದಿನಕ್ಕೆ ಸಣ್ಣದಾಗುತ್ತದೆ. ಮೊದಲು ತಲೆ ಬಗ್ಗಿಸುತ್ತಾನೆ, ಆಮೇಲೆ ಸೊಂಟ, ಆಮೇಲೆ ಅಂಬೆಗಾಲು. ಯುದ್ಧವಿಲ್ಲ, ಮದುವೆಯಿಲ್ಲ.

“ಬರೆದಾವಗ ಗೋಡಿ ನೆಟ್ಟಗ ಹಾಕಾಕ ಬರಂಗಿಲ್ಲೇನ್ರಿ ಮೇಷ್ಟ್ರ?” ಎಂದ ತಾಯಪ್ಪ.

“ತೂಗುಗುಂಡು ಇಲ್ಲದ ಗೌಂಡಿ ಕಟ್ಟಿದ ಊರು” ಎಂದೆ ನಾನು. ಇಬ್ಬರೂ ನಕ್ಕೆವು. ಆದರೆ ನಾಳೆಯ ಆಟಕ್ಕೆ ಬೇರೆ ಚಿತ್ರ ಇಲ್ಲ.

೧೯ ಜನವರಿ, ಭಾನುವಾರ

ಡೇರೆ ತುಂಬಿತ್ತು. ಓದಲಾಗದ ಬರಹಕ್ಕೆ ನಾನೇ ಕಥೆ ಕಟ್ಟಿದೆ. ಈ ಬೀಗದವನು ಒಬ್ಬ ಮುದುಕಿಯ ಒಡವೆ ಕದ್ದ, ಮುದುಕಿ ಸತ್ತು ದೆವ್ವವಾಗಿ ಇವನ ಮನೆ ಹೊಕ್ಕಳು, ಬಾಗಿಲು ಕುಗ್ಗಿಸುತ್ತಿರುವವಳು ಅವಳೇ. ಎರಡನೇ ರೀಲಿನವರೆಗೆ ಕೇಳಿದರು. ಮೂರನೆಯದರಲ್ಲಿ ‘ದೆವ್ವ ಎಲ್ಲೈತ್ಯೋ’ ಎಂದು ಕೂಗಿದರು. ಅವನು ಅಂಬೆಗಾಲಿಟ್ಟಾಗ ಗೊಳ್ಳೆಂದು ನಕ್ಕರು. ನಾಲ್ಕನೆಯದರಲ್ಲಿ ಕಿತ್ತಳೆ ಸಿಪ್ಪೆ ಪರದೆಗೆ ಬಿತ್ತು, ಒಂದು ನನ್ನ ಟೋಪಿಗೆ.

ಮನೆಯ ವಿಷಯವನ್ನೂ ಬರೆಯಬೇಕು. ಮನೆಯವಳಿಗೆ ಈಗ ಏಳು ತಿಂಗಳಿನಿಂದ ಹೀಗೆ. ಜ್ವರವಿಲ್ಲ, ಕೆಮ್ಮಿಲ್ಲ. ಒಲೆಯ ಮುಂದೆ ಕುಳಿತರೆ ಒಲೆ ಆರಿದರೂ ಏಳುವುದಿಲ್ಲ. ಮಾತು ನಿಂತೇಹೋಗಿದೆ. ಮೊದಲು ಅವಳ ಮಾತಿನ ಮುಂದೆ ನಾನು ಬಾಯಿ ಬಿಡಬೇಕಾದರೆ ಸರದಿ ಕಾಯಬೇಕಿತ್ತು. ಮಕ್ಕಳಿಲ್ಲದ ಕೊರಗು ಎನ್ನುತ್ತಾರೆ ಓಣಿಯವರು. ಆ ಮಾತನ್ನು ನಾವಿಬ್ಬರೂ ಬಿಟ್ಟು ಹತ್ತು ವರ್ಷವಾಯಿತು. ‘ಏನಾಯಿತು?’ ಎಂದು ದಿನಕ್ಕೆ ಹತ್ತು ಸಲ ಕೇಳಿ ಸೋತೆ. ಡಾಕ್ಟರರು ಟಾನಿಕ್ ಕೊಟ್ಟರು. ಅವ್ವ ಅಂತ್ರದ ತಾಯಿತ ಕಟ್ಟಿಸಿದಳು.

ಮನೆಯವಳ ಅಣ್ಣ ದೊಡ್ಡಬಸಪ್ಪನವರು ಕಂಪ್ಲಿಯಿಂದ ಬರೆದಿದ್ದಾರೆ. ಅಕ್ಕಿಗಿರಣಿಯ ಕೆಲಸ ಮುಗಿಸಿಕೊಂಡು ಅಮಾವಾಸ್ಯೆಯಾದ ಮೇಲೆ ಬಂದು ಕರೆದುಕೊಂಡು ಹೋಗುತ್ತಾರಂತೆ. ಗಾಳಿ ಬಿಡಿಸುವವನೊಬ್ಬ ಸಿಕ್ಕಿದ್ದಾನಂತೆ. ಮೂರು ದಿನ ಮೆಣಸಿನಕಾಯಿ ಹೊಗೆ, ಬೇವಿನ ಬರಲುಕಡ್ಡಿಯ ಪೆಟ್ಟು. ‘ಕಠಿಣ, ಆದರೆ ಗುಣ ಖಂಡಿತ’ ಎಂದಿದ್ದಾರೆ. ಆಗಲಿ ಎಂದು ಉತ್ತರ ಬರೆದೆ. ಹೋಗಿ ಬರಲಿ. ನನಗೂ ಸ್ವಲ್ಪ ಉಸಿರು ಬಿಡಲು ಆಗುತ್ತದೆ.

೨೧ ಜನವರಿ

ಡೇರೆಯಲ್ಲಿ ಇಪ್ಪತ್ತು ಜನ. ಕತ್ತಿಕಾಳಗ ಬರಲು ಇನ್ನೂ ಹತ್ತು ದಿನವಂತೆ. ತಾಯಪ್ಪನ ಮುಖ ನೋಡಲಾಗದು.

ಅವ್ವ ಹಟ ಮಾಡಿ ಮನೆಯವಳನ್ನು ಕರೆದುಕೊಂಡು ಬಂದಿದ್ದಳು. “ಗೋಡಿ ನೋಡೋ ಬದ್ಲಿ ಪಿಚ್ಚರ್ ನೋಡ್ಲಿ ಬಿಡೋ” ಎಂದಳು. ಹೆಂಗಸರ ಕಡೆ ಇಬ್ಬರೂ ಕೂತರು. ನಾನು ಇಂದು ಬೇರೆ ಕಥೆ ಹೇಳಿದೆ. ದೆವ್ವ ಬಿಟ್ಟು ಗುರುಶಾಪ. ಕೊನೆಯ ರೀಲಿನಲ್ಲಿ ಶಾಪ ವಿಮೋಚನೆಯಾಗಿ ಎಲ್ಲರೂ ಸುಖವಾಗಿದ್ದರು ಎಂದು ಮುಗಿಸಿದೆ.

ದಾರಿಯಲ್ಲಿ ಅವಳು ತಾನಾಗಿ ಬಾಯಿ ಬಿಟ್ಟಳು. ಎಷ್ಟು ದಿನದ ಮೇಲೋ.

“ನೀವು ಹೇಳಿದ್ದು ಸುಳ್ಳು.”

“ಏನು?”

“ಗುರುವಿನ ಶಾಪ ಅಂದ್ರಲ್ಲ. ಅದು ಅಲ್ಲೇ ಅಲ್ಲ.”

ಮನೆ ಬಂದದ್ದರಿಂದ ಮಾತು ಅಲ್ಲಿಗೇ ನಿಂತಿತು. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ, ಓದು ಬಾರದವಳು ‘ಸುಳ್ಳು’ ಎಂದಳು. ಸಿಟ್ಟೂ ಬಂತು. ಅದಕ್ಕಿಂತ ಹೆಚ್ಚಿನದೆಂದರೆ, ಆ ಧ್ವನಿ ಕೇಳಿ ಅವ್ವ ಹೊಸಿಲಲ್ಲೇ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

೨೨ ಜನವರಿ

ಸಂಜೆ ನಾನು ಟೋಪಿ ಹಾಕಿಕೊಳ್ಳುವ ಹೊತ್ತಿಗೆ ಅವಳು ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕೇಳಲಿಲ್ಲ. ಕರೆದುಕೊಂಡು ಹೋದೆ.

೨೪ ಜನವರಿ, ಶುಕ್ರವಾರ

ಮೂರನೇ ಸಲ ನೋಡಿದಳು. ಇಂದು ಊಟಕ್ಕೆ ಕೂತಾಗ ನಾನೇ ಕೇಳಿದೆ, “ಹಂಗಾರೆ ಕಥಿ ಏನು, ನೀನೇ ಹೇಳು.” ಪರೀಕ್ಷೆ ಮಾಡುವ ಧಾಟಿಯಲ್ಲೇ ಕೇಳಿದೆ, ಒಪ್ಪಿಕೊಳ್ಳುತ್ತೇನೆ.

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಆಮೇಲೆ ಹೇಳಿದಳು. ಮರೆಯುವ ಮುಂಚೆ ಅವಳ ಮಾತಿನಲ್ಲೇ ಬರೆದಿಡುತ್ತೇನೆ.

“ಅದಾ ಬಾಗಿಲ್ದಾಗ ಬ್ಯಾರೆಯೋರು ಹೋಗ್ತಾರ ನೋಡ್ರಿ. ಹಾಲು ಕೊಡಾಕಿ ಬರ್ತಾಳ, ನೆಟ್ಟಗ ನಡಕೊಂತ ಬರ್ತಾಳ. ಪೊಲೀಸ್ನವ ಬರ್ತಾನ, ಎತ್ತರದ ಟೋಪಿ ಬ್ಯಾರೆ, ಅದೂ ತಗಲಂಗಿಲ್ಲ. ಬಾಗಿಲು ಸಣ್ಣದಾಗೇ ಇಲ್ಲ. ಅವ್ನಿಗೆ ಒಬ್ಬಂಗ ಸಣ್ಣದು. ಜನ ನಗ್ತಾರ, ಯಾಕ್ ಬಗ್ತೀಯೋ ಅಂತಾರ. ಅವ್ರದೂ ತಪ್ಪಿಲ್ಲ. ಅವ್ರಿಗೆ ಕಾಣೋದು ದೊಡ್ಡ ಬಾಗಿಲು. ಅವ್ನದೂ ಸುಳ್ಳಲ್ಲ. ನೆಟ್ಟಗ ಹೋದ್ರ ಅವ್ನ ಹಣಿ ಬಡೀತೈತಿ.”

“ಮತ್ತೆ ಮನಿಗಳು ಯಾಕ ವಾಲ್ಯಾವ?”

“ಅವ ಒಳಗ ಹೆಂಗದಾನೋ ಹಂಗ ಬರ್ದಾರ್ರಿ. ಹೊರಗಿಂದಲ್ಲ ಅದು.”

ಅವ್ವ ಕೇಳಿದಳು, “ಅವ್ನಿಗೆ ಆಗಿದ್ದರ ಏನವ್ವ?”

“ಏನೂ ಆಗಿಲ್ಲತ್ತಿ. ಏನೂ ಆಗಿಲ್ಲ ಅಂದ್ರ ಯಾರೂ ನಂಬಂಗಿಲ್ಲ. ಅದಾ ದೊಡ್ಡ ಕಷ್ಟ.”

ಇಷ್ಟು ಹೇಳಿ ರೊಟ್ಟಿ ತಿಂದಳು. ಎರಡು ತಿಂದಳು. ಅವ್ವ ಮೂರನೆಯದನ್ನು ಸದ್ದಿಲ್ಲದೆ ತಟ್ಟೆಗೆ ಜಾರಿಸಿದಳು.

೨೫ ಜನವರಿ

ಇಂದಿನ ಆಟದಲ್ಲಿ ಕಡಿಮೆ ಮಾತಾಡಿದೆ, ಗಂಟಲು ಕಟ್ಟಿತ್ತು. ಸುಮ್ಮನಿದ್ದಾಗ ಕಂಡದ್ದು: ಬೀಗದವನು ಸಂತೆಯಲ್ಲಿ ನಿಂತಾಗ ಸುತ್ತಲಿನವರ ಮುಖಕ್ಕೆಲ್ಲ ಸುಣ್ಣ ಬಳಿದಿದ್ದಾರೆ, ಕಣ್ಣು ಮೂಗು ಇಲ್ಲ. ಒಂದೇ ಒಂದು ಮುಖಕ್ಕೆ ಕಣ್ಣು ಮೂಗು ಇವೆ, ಪಕ್ಕದ ಮನೆಯ ರೊಟ್ಟಿ ಮಾರುವ ಹೆಂಗಸಿಗೆ. ಆರು ದಿನ ತೋರಿಸಿದ್ದೇನೆ, ನೋಡಿರಲಿಲ್ಲ. ಕೂಗುವುದರಲ್ಲೇ ಇದ್ದೆ.

ಹೂವು ಮಾರುವ ಊರಮ್ಮ ಇಂದು ಮೂರನೇ ಸಲ ಬಂದಿದ್ದಳು. ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬಾಯಿ ತೆರೆದು ನೋಡುತ್ತಾಳೆ. ಯಾಕೆ ಬರುತ್ತೀ ಎಂದರೆ, “ನೀಲಿ ಬಣ್ಣದ ರೀಲು ನೋಡಾಕ್ರಿ ಯಪ್ಪಾ. ಜ್ವರ ಬಂದಾಗ ನನಗ ಹಂಗಾ ಕಂಡಿತ್ತು” ಎಂದಳು.

ಶಾಲೆಯಲ್ಲಿ ಮಕ್ಕಳಿಗೆ ಸ್ಲೇಟಿನ ಮೇಲೆ ಸ್ಕೂಲಿನ ಚಿತ್ರ ಬರೆಯಿರಿ, ನಿಮಗೆ ಕಂಡಂತೆ ಬರೆಯಿರಿ ಎಂದೆ. ಒಬ್ಬ ಇಡೀ ಸ್ಕೂಲನ್ನು ಬೆಂಕಿಪೆಟ್ಟಿಗೆಯಷ್ಟು ಬರೆದು, ನನ್ನ ಬೆತ್ತವನ್ನು ಕಂಬದಷ್ಟು ದಪ್ಪ ಬರೆದಿದ್ದ. ಅಳತೆ ತಪ್ಪು ಎನ್ನಲು ಹೋದವನು ಸ್ಲೇಟು ಹಿಂದಿರುಗಿಸಿದೆ. ಬೆತ್ತ ಈಗ ಬೀರುವಿನಲ್ಲಿದೆ.

೨೬ ಜನವರಿ, ಭಾನುವಾರ

ಊರಿನಲ್ಲಿ ಸ್ವರಾಜ್ಯದ ಪ್ರತಿಜ್ಞೆ ಓದುತ್ತಾರಂತೆ. ಬೋರ್ಡಿನ ಮೇಷ್ಟ್ರುಗಳು ಆ ಕಡೆ ಸುಳಿಯಬಾರದೆಂದು ಬಾಯಿಮಾತಿನ ಹುಕುಂ. ನಾನು ಬಂಡಿ ಕಟ್ಟಿಸಿ ಹಂಪಿಗೆ ಹೋದೆ, ನನ್ನವಳನ್ನು, ನೀಲಗಂಗಮ್ಮನನ್ನು, ಕರೆದುಕೊಂಡು. ವಿರೂಪಾಕ್ಷನಿಗೆ ಕಾಯಿ ಒಡೆಸಿ ಹೊಳೆಯ ದಂಡೆಯಲ್ಲಿ ಕೂತೆವು. ಎದುರಿಗೆ ಗುಡ್ಡ. ಒಂದರ ಮೇಲೊಂದು ಬಂಡೆ.

“ಆ ಪಿಚ್ಚರ್ನಾಗ ಮನಿ ಸೊಟ್ಟ ಅಂತ ನಗ್ತಿದ್ರಿ” ಎಂದಳು. “ಇಲ್ಲಿ ಯಾವ ಬಂಡಿಗಲ್ಲು ನೆಟ್ಟಗ ಕುಂತೈತಿ ತೋರ್ಸ್ರಿ.”

ನೋಡಿದೆ. ಒಂದೂ ಇಲ್ಲ.

“ಈಗ ಬೀಳ್ತಾವ, ಆಗ ಬೀಳ್ತಾವ ಅನ್ನೋ ಹಂಗ ಅದಾವ. ಬಿದ್ದಿಲ್ಲ” ಎಂದಳು.

ನನಗೆ ನಗು ಬಂತು. ಅವಳಿಗೂ ಬಂತು. ಸಣ್ಣದು, ತುಟಿಯ ಒಂದು ಕೊನೆಯಲ್ಲಿ. ಚಿಕ್ಕಂದಿನಲ್ಲಿ ಕಂಪ್ಲಿಯಲ್ಲಿ ಹರಿಗೋಲು ನಡುಹೊಳೆಯಲ್ಲಿ ಗರಗರ ತಿರುಗುವಾಗ ದಂಡೆಯ ಮನೆಗಳೆಲ್ಲ ವಾಲಿದ ಹಾಗೆ ಕಾಣುತ್ತಿದ್ದವಂತೆ. “ಆಗ ಮಸ್ತ್ ಅನಸ್ತಿತ್ತು. ಇಳಿತೀನಂತ ಗೊತ್ತಿತ್ತಲ್ಲ” ಎಂದಳು. ಹದಿನೆಂಟು ವರ್ಷದ ಸಂಸಾರದಲ್ಲಿ ಈ ಹರಿಗೋಲಿನ ವಿಷಯ ನಾನು ಕೇಳಿರಲಿಲ್ಲ.

ಬರುವಾಗ ಬಂಡಿಯ ಕುಲುಕಾಟಕ್ಕೆ ನನ್ನ ತೋಳು ಹಿಡಿದುಕೊಂಡಿದ್ದಳು. ರಸ್ತೆ ಬಹಳ ಕೆಟ್ಟಿದೆ.

೨೯ ಜನವರಿ, ಅಮಾವಾಸ್ಯೆ

ಕೆಟ್ಟ ದಿನ. ಬೆಳಿಗ್ಗೆ ಎದ್ದಾಗ ಅವಳು ಹಾಸಿಗೆಯಲ್ಲಿಲ್ಲ. ಹಿಂದಿನ ಕೋಣೆಯಲ್ಲಿ ಜೋಳದ ಗುಡಾಣದ ಹಿಂದೆ, ಗೋಡೆಗೆ ಅಂಟಿ ಕೂತಿದ್ದಳು. ಹೊರಗೆ ಬರಲಾರೆ ಎಂದಳು. ಅವ್ವ ಅಮಾವಾಸ್ಯೆ ಎಂದು ಗಾಬರಿಯಾಗಿ ಬೂದಿ ತರಲು ಓಡಿದಳು. ಎಂದಿನ ಹಾಗೆ ರಟ್ಟೆ ಹಿಡಿದು ಎಳೆಯಲು ಬಗ್ಗಿದವನು ಯಾಕೋ ಎಳೆಯಲಿಲ್ಲ. ಗುಡಾಣವನ್ನು ಒಂದು ಮೊಳ ಸರಿಸಿ ನಾನೂ ಅಲ್ಲೇ ಕೂತೆ. ನೆಲ ತಣ್ಣಗಿತ್ತು. ಅಲ್ಲಿಂದ ನೋಡಿದರೆ ಬಾಗಿಲು ನಿಜಕ್ಕೂ ಬಹಳ ದೂರ.

“ಇವತ್ತು ಎಷ್ಟು ಸಣ್ಣದೈತಿ?” ಎಂದು ಕೇಳಿದೆ.

ಅವಳು ಕೈಯಲ್ಲಿ ತೋರಿಸಿದಳು. ಒಂದು ಗೇಣು.

ಶಾಲೆಗೆ ಎರಡು ತಾಸು ತಡ. ಹೆಡ್ ಮೇಷ್ಟ್ರು ಬೈದರು. ನಾನು ಹೊರಡುವ ಮುಂಚೆ ಅವಳು ತಾನೇ ಎದ್ದು ನೀರು ಕುಡಿದಳು.

೧ ಫೆಬ್ರವರಿ, ಶನಿವಾರ

ಕತ್ತಿಕಾಳಗ ಬಂತು. ಡೇರೆ ಕಿಕ್ಕಿರಿಯಿತು. ನಾಯಕ ಮಾಳಿಗೆಯಿಂದ ಕುದುರೆಯ ಮೇಲೆ ಹಾರಿದಾಗ ಶಿಳ್ಳೆ. ನಾನೂ ಗಂಟಲು ಹರಿಯುವ ಹಾಗೆ ಕೂಗಿದೆ. ಮುಗಿದ ಮೇಲೆ ಏನೂ ನೆನಪಿರಲಿಲ್ಲ.

ಬಾಗಿಲಿನ ಚಿತ್ರವನ್ನು ಮದರಾಸಿಗೆ ವಾಪಸು ಕಳಿಸಬೇಕು. ತಾಯಪ್ಪ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ.

“ಈ ದರಿದ್ರ ಪಿಚ್ಚರ್ ನನ್ನ ಡೇರಿ ಖಾಲಿ ಮಾಡಿಸ್ತ್ರಿ ಮೇಷ್ಟ್ರ. ಆದ್ರ ಯಂತ್ರದ ಹಿಡಿ ತಿರುವಿ ತಿರುವಿ ಅದು ನನ್ನ ತಲ್ಯಾಗ ಕುಂತೈತಿ. ಕೊನೀ ರೀಲಿಗೆ ನನ್ನ ಕೈ ತಾನಾ ಮೆಲ್ಲಕಾಗ್ತೈತಿ. ಹಂಗ್ಯಾಕ?”

ನನಗೂ ಗೊತ್ತಿಲ್ಲ ಎಂದೆ. ಕೊನೆಯ ರೀಲಿನಲ್ಲಿ ಬಾಗಿಲು ಇಲಿಯ ಬಿಲದಷ್ಟಾಗುತ್ತದೆ. ಬೀಗದವನು ಅದರ ಮುಂದೆ ನೆಲಕ್ಕೆ ಕೆನ್ನೆ ಹಚ್ಚಿ ಮಲಗುತ್ತಾನೆ. ರೊಟ್ಟಿ ಮಾರುವ ಹೆಂಗಸು ಬರುತ್ತಾಳೆ, ಅವನನ್ನು ಎಬ್ಬಿಸುವುದಿಲ್ಲ. ಬುಟ್ಟಿ ಕೆಳಗಿಟ್ಟು ಅವನ ಪಕ್ಕದಲ್ಲಿ ತಾನೂ ಮಲಗಿ ಅವನು ನೋಡುತ್ತಿರುವ ಕಡೆ ನೋಡುತ್ತಾಳೆ. ಅಷ್ಟೇ. ಅಲ್ಲಿಗೆ ಮುಗಿಯುತ್ತದೆ. ಇದಕ್ಕೆ ನಾನು ‘ಎಲ್ಲರೂ ಸುಖವಾಗಿದ್ದರು’ ಎಂದು ಕೂಗುತ್ತಿದ್ದೆನಲ್ಲ.

ಇನ್ನೆರಡು ವಾರ ಇಟ್ಟುಕೊಳ್ಳಲು ತಾರು ಕೊಡು ಎಂದು ತಾಯಪ್ಪನಿಗೆ ಹೇಳಿದೆ. ಕಾರಣ ಕೇಳಲಿಲ್ಲ.

೪ ಫೆಬ್ರವರಿ

ದೊಡ್ಡಬಸಪ್ಪನವರು ಮೋಟಾರಿನಲ್ಲಿ ಬಂದು ಅವಳನ್ನು ಕರೆದುಕೊಂಡು ಹೋದರು. ಒಳ್ಳೆಯ ಮನುಷ್ಯ. ತಂಗಿಗೆಂದು ಬುಟ್ಟಿ ತುಂಬ ಬಾಳೆಹಣ್ಣು ತಂದಿದ್ದರು. ಅವಳ ತಲೆ ಸವರಿ, “ಮೂರು ದಿನ ತಡ್ಕೋ ತಂಗಿ, ಆಮ್ಯಾಲ ಎಲ್ಲಾ ಚಲೋ ಆಗ್ತೈತಿ” ಎಂದರು. ಬೇಡ ಎನ್ನಲು ಎರಡು ಸಲ ಬಾಯಿ ತೆರೆದೆ. ಆಗಲಿ ಎಂದು ಬರೆದುಕೊಟ್ಟವನು ನಾನೇ. ಅವಳು ನನ್ನ ಕಡೆ ನೋಡಿ ಮೋಟಾರು ಹತ್ತಿ ಕೂತಳು.

ಮನೆ ಖಾಲಿ. ಉಸಿರು ಬಿಡಬಹುದು ಅಂದುಕೊಂಡಿದ್ದೆ.

೫ ಫೆಬ್ರವರಿ

ಡೇರೆಗೆ ಹೋಗಲಿಲ್ಲ.

೬ ಫೆಬ್ರವರಿ

ಗಾಳಿ ಬಿಡಿಸುವವನು ಸೋಮವಾರ ಬರುತ್ತಾನೆಂದು ಕಂಪ್ಲಿಯ ಕಡೆಯವರೊಬ್ಬರು ಹೇಳಿದರು. ತಾಯಪ್ಪನ ಹತ್ತಿರ ಹೋಗಿ, ಭಾನುವಾರ ಹಗಲು ಯಂತ್ರವನ್ನೂ ಬಾಗಿಲಿನ ಚಿತ್ರವನ್ನೂ ಕಂಪ್ಲಿಗೆ ಸಾಗಿಸಬೇಕು ಎಂದೆ. ಸಂಜೆಯ ಆಟ ತಪ್ಪುತ್ತದೆ, ಆದರೂ ಬಾ ಎಂದು ಬೇಡಿಕೊಳ್ಳಲು ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನು, “ಎಂಜಿನ್ನಿಗೆ ಗಟ್ಟಿಮುಟ್ಟು ಬಂಡಿ ಬೇಕು ನೋಡ್ರಿ” ಎಂದಷ್ಟೇ ಹೇಳಿ ಎದ್ದ.

೯ ಫೆಬ್ರವರಿ, ಭಾನುವಾರ
ಕಂಪ್ಲಿ

ಎಲ್ಲ ಬರೆದು ಮಲಗಬೇಕು.

ಭಾವ ದೊಡ್ಡಬಸಪ್ಪನವರಿಗೆ ಮೊದಲು ಸಂತೋಷವೇ ಆಯಿತು. ಗಿರಣಿಯ ಜನಕ್ಕೆ ಪುಕ್ಕಟೆ ಸಿನಿಮಾ! ಅಕ್ಕಿ ಗೋದಾಮಿನಲ್ಲಿ ಚೀಲ ಸರಿಸಿ ಜಾಗ ಮಾಡಿಸಿದರು. ಬೆಳಕಿಂಡಿಗೆಲ್ಲ ಗೋಣಿ. ಹೊರಗೆ ಯಂತ್ರದ ದೀಪಕ್ಕೆ ಕರೆಂಟು ಕೊಡುವ ತಾಯಪ್ಪನ ಎಂಜಿನ್ ಗುಡುಗುಟ್ಟುತ್ತಿತ್ತು. ಐವತ್ತು ಜನ. ಎಡಗಡೆ ಮನೆಯ ಹೆಂಗಸರು, ನಡುವೆ ನೀಲಗಂಗಮ್ಮ, ಪಕ್ಕದಲ್ಲಿ ಅವಳ ಅತ್ತಿಗೆ, ಭಾವನವರ ಹೆಂಡತಿ ಮರುಳಸಿದ್ದಮ್ಮ. ಐದೇ ದಿನಕ್ಕೆ ನೀಲಗಂಗಮ್ಮನ ಮುಖ ಬತ್ತಿಹೋಗಿತ್ತು.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಮೊದಲ ರೀಲು ಶುರುವಾಯಿತು. ‘ಇವನು ಒಬ್ಬ ಬೀಗ ಮಾಡುವವನು’ ಎಂದೆ. ಮುಂದೆ ಮಾತು ಹೊರಡಲಿಲ್ಲ. ಬಾಗಿಲು ಸಣ್ಣದಾಗತೊಡಗಿತು. ಗಿರಣಿಯವರು ಕಿಸಕ್ಕೆಂದರು. ಯಾರೋ, “ಮೇಷ್ಟ್ರಿಗೆ ನಿದ್ದಿ ಬಂತು” ಎಂದರು. ಭಾವನವರು ಕೆಮ್ಮಿದರು.

ಆಗ ಎಡಗಡೆಯಿಂದ ಅವಳ ಧ್ವನಿ.

“ನಾ ಹೇಳ್ತೀನಿ ಕೇಳ್ರಿ.”

ಕೂತಲ್ಲಿಂದಲೇ, ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. ನನ್ನ ಹಾಗೆ ಕೂಗಲಿಲ್ಲ. ಜನ ಸುಮ್ಮನಾಗದಿದ್ದರೆ ಕೇಳಿಸುವಂತೆಯೇ ಇರಲಿಲ್ಲ, ಆದ್ದರಿಂದ ಸುಮ್ಮನಾದರು.

“ಈ ನೆರಳು ನೋಡ್ರಿ. ಅವ ಎದ್ದು ಹೋದ, ಅದು ಹೋಗಲಿಲ್ಲ. ಮುಂಜಾನಿ ಎದ್ರೂ ನಿನ್ನಿದು ಅಲ್ಲೇ ಬಿದ್ದಿರತೈತಿ. ಎಷ್ಟ್ ಗುಡಿಸಿದ್ರೂ ಹೋಗಂಗಿಲ್ಲ… ಈಗ ಜನ ಬಂದ್ರು. ಯಾರ್ಗೂ ಮುಖ ಇಲ್ಲ. ಅವ್ರು ಕೆಟ್ಟೋರಲ್ಲ. ಇವ್ನಿಗೆ ಮುಖ ನೋಡೋ ಶಕ್ತಿ ಇಲ್ಲ… ಇದು ಕಣ್ಣು. ಹೆದರಬ್ಯಾಡ್ರಿ. ನಿದ್ದಿ ಬರದ ಕಣ್ಣು ಹಿಂಗಾ ಇರತೈತಿ.”

ನಾಲ್ಕನೇ ರೀಲಿನಲ್ಲಿ ಅವನು ಅಂಬೆಗಾಲಿಟ್ಟ. ಯಾರೂ ನಗಲಿಲ್ಲ. ಐದನೆಯದರಲ್ಲಿ ಅವಳೂ ಮಾತು ನಿಲ್ಲಿಸಿದಳು. ತಾಯಪ್ಪನ ಕೈ ಮೆಲ್ಲಗಾಯಿತು. ರೊಟ್ಟಿಯ ಹೆಂಗಸು ಬುಟ್ಟಿ ಇಳಿಸಿ ನೆಲದ ಮೇಲೆ ಮಲಗಿದಳು. ಗೋದಾಮಿನಲ್ಲಿ ಎಂಜಿನ್ನಿನ ಸದ್ದೊಂದೇ.

ಗೋಣಿ ತೆಗೆದಾಗ ಬಿಸಿಲು ಕಣ್ಣಿಗೆ ಹೊಡೆಯಿತು. ಭಾವನವರು ಕೆಂಪಗೆ ಎದ್ದು ನಿಂತಿದ್ದರು.

“ಏನ್ ಮೇಷ್ಟ್ರೇ ಇದು? ಆಳುಕಾಳಿನ ಮುಂದ ನಮ್ಮನಿ ಹೆಣ್ಣುಮಗಳು ಮಾತಾಡೋದಾ? ಹುಚ್ಚಿನ ಪಿಚ್ಚರ್ ತೋರ್ಸಿ ಇನ್ನಷ್ಟು ಹುಚ್ಚು ಹಿಡಸ್ತೀರೇನು?”

ಸಾಮಾನ್ಯವಾಗಿ ನಾನು ಅವರ ಮುಂದೆ ತಲೆ ತಗ್ಗಿಸುವವನು. ಇಂದು ಹೇಳಿದೆ, “ಭಾವಾರ, ನಾಳೆ ಆ ಗಾಳಿ ಬಿಡಿಸಾವ ಬರೋದು ಬ್ಯಾಡ. ಆಕಿಗೆ ಹೊಗಿ ಹಾಕ್ಸಾಕ ನಾ ಒಪ್ಪಂಗಿಲ್ಲ. ಮೊದ್ಲು ಒಪ್ಪಿದ್ದು ನನ್ನ ತಪ್ಪು.”

“ಗುಣ ಆಗೋದು ಬ್ಯಾಡೇನು?”

“ಆಗ್ಬೇಕು. ಹೆಂಗಂತ ನನಗ ಗೊತ್ತಿಲ್ಲ. ಹೊಡೆದ್ರ ಆಗಂಗಿಲ್ಲಂತ ಗೊತ್ತೈತಿ.”

ಅವರು ಗಿರಣಿಯ ಕಡೆ ನಡೆದರು. ಊಟಕ್ಕೂ ಬರಲಿಲ್ಲ. ನಾಳೆ ಏನಾಗುವುದೋ. ಅವನು ಬಂದರೆ ಬಾಗಿಲಿಗೆ ಅಡ್ಡ ನಿಲ್ಲುವುದೆಂದು ನಿರ್ಧಾರ ಮಾಡಿದ್ದೇನೆ. ಈ ಮೈಕಟ್ಟಿಗೆ ಎಷ್ಟು ಹೊತ್ತು ನಿಲ್ಲಲಾದೀತು ಎಂಬುದು ಬೇರೆ ಮಾತು.

೧೦ ಫೆಬ್ರವರಿ, ಸೋಮವಾರ

ಅಡ್ಡ ನಿಲ್ಲುವ ಪ್ರಸಂಗ ಬರಲಿಲ್ಲ. ಎಂಟು ಗಂಟೆಗೆ ಅವನು ಬೇವಿನ ಬರಲು, ಮೆಣಸಿನಕಾಯಿ ಗಂಟು ಸಮೇತ ಬಂದ. ಭಾವನವರೇ ಅಂಗಳಕ್ಕೆ ಇಳಿದು ಅವನ ಕೈಗೆ ತೆಂಗಿನಕಾಯಿ, ಒಂದು ಸೇರು ಅಕ್ಕಿ ಕೊಟ್ಟು, “ಇವತ್ತು ಬ್ಯಾಡಪ್ಪ. ಬೇಕಂದ್ರ ಹೇಳಿ ಕಳಸ್ತೀನಿ” ಎಂದು ಸಾಗಹಾಕಿದರು. ಆಮೇಲೆ ನನ್ನ ಪಕ್ಕ ಕಟ್ಟೆಯ ಮೇಲೆ ಬಂದು ಕೂತರು. ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದರು.

“ನಮ್ಮಾಕಿ ಒಂದು ಮಾತು ಹೇಳಿದ್ಲು, ಮೇಷ್ಟ್ರ.”

ಸುಣ್ಣದ ಡಬ್ಬಿ ಮುಚ್ಚಿದರು.

“ಎರಡ್ನೇ ಬಾಣಂತನದಾಗ ಆಕಿಗೂ ಹಂಗಾ ಆಗಿತ್ತಂತ. ಆ ನೆರಳು, ಆ ಬಾಗಿಲು. ಒಂದ್ ವರ್ಷ. ಕೂಸಿನ ಮುಖ ಸೈತ ಕಾಣ್ತಿದ್ದಿಲ್ಲಂತ. ಯಾಕ ಹೇಳಲಿಲ್ಲ ಅಂದೆ. ‘ಹೇಳಿದ್ರ ನೀವು ಬೇವಿನ ಬರಲು ತರ್ತಿದ್ರಿ’ ಅಂದ್ಲು.”

ಎಲೆ ಬಾಯಿಗೆ ಹಾಕಿಕೊಳ್ಳದೆ ಕೆಳಗಿಟ್ಟರು.

“ಹದಿನಾಲ್ಕು ವರ್ಷ ಆತು ನೋಡ್ರಿ. ಅದಾ ಮನ್ಯಾಗ ಇದ್ದೆ ನಾನು.”

ಒಳಗೆ ಅಡುಗೆಮನೆಯಲ್ಲಿ ಅತ್ತಿಗೆ ನಾದಿನಿ ಇಬ್ಬರೂ ಪಿಸುಗುಟ್ಟುತ್ತಿದ್ದರು. ಮಧ್ಯಾಹ್ನ ಅವಳನ್ನು ಕರೆದುಕೊಂಡು ಹೊರಟೆ. ಅಣ್ಣನಿಗೆ ನಮಸ್ಕಾರ ಮಾಡಿದಾಗ ಅವರು ಅವಳನ್ನು ಕೇಳಿದರು, “ದಿನಾ ಹಂಗಾ ಇರತೈತೇನು ತಂಗಿ?”

“ದಿನಾ ಇಲ್ಲಣ್ಣ. ಇವತ್ತು ಇಲ್ಲ.”

ಶಾಲೆಗೆ ರಜೆ ಚೀಟಿ ಕೊಡದೆ ತಪ್ಪಿಸಿಕೊಂಡದ್ದು ಇದೇ ಮೊದಲು. ಬೈಗುಳ ಕಾದಿದೆ.

೧೫ ಫೆಬ್ರವರಿ, ಶನಿವಾರ
ಹೊಸಪೇಟೆ

ನಾಲ್ಕು ದಿನ ಬರೆಯಲಿಲ್ಲ. ಮನೆಯಲ್ಲಿ ಮಾತಾಡುವುದರಲ್ಲೇ ಹೊತ್ತು ಹೋಗುತ್ತದೆ. ಗುರುವಾರ ಪೂರ್ತಿ ಅವಳು ಏಳಲಿಲ್ಲ. ನಿನ್ನೆ ಎದ್ದು ಬಿಸಿರೊಟ್ಟಿ ಕುಟ್ಟಿ ಮುಟಿಗೆ ಮಾಡಿದಳು, ಖಾರ ಹೆಚ್ಚಾಗಿತ್ತು. ಹೀಗೇ ಇರಬಹುದು ಇನ್ನು ಕೆಲವು ಕಾಲ. ಅವ್ವ ಈಗ ‘ಏನಾತವ್ವ’ ಎಂದು ಕೇಳುವುದು ಬಿಟ್ಟಿದ್ದಾಳೆ. ಪಕ್ಕದಲ್ಲಿ ಕೂತು ಬತ್ತಿ ಹೊಸೆಯುತ್ತಾಳೆ.

ತಾಯಪ್ಪ ಎರಡು ದಿನದ ಮಟ್ಟಿಗೆ ಬಾಗಿಲಿನ ಚಿತ್ರವನ್ನು ಸಂಡೂರಿಗೆ ಒಯ್ದಿದ್ದ. ಕಥೆ ಹೇಳುವವರು ಯಾರೂ ಇಲ್ಲದೆ ಹಾಗೇ ಓಡಿಸಿದನಂತೆ. ಮ್ಯಾಂಗನೀಸ್ ಗಣಿಯ ಆಳುಗಳು ಬಂದಿದ್ದರಂತೆ. ಅರ್ಧ ಜನ ಎದ್ದು ಹೋದರು, ಉಳಿದವರು ಬೀಗದವನು ಬಾಗಿಲ ಮುಂದೆ ಬಂದಾಗಲೆಲ್ಲ “ಬಗ್ಗಬ್ಯಾಡಲೇ! ಬಗ್ಗಬ್ಯಾಡ!” ಎಂದು ಕೂಗಿದರಂತೆ. ಹೇಳುವಾಗ ಅವನಿಗೆ ಹಿಗ್ಗೋ ಹಿಗ್ಗು.

ನಾಳೆ ಡಬ್ಬಿ ಮದರಾಸಿಗೆ ಹೋಗುತ್ತದೆ. ಇಂದು ಮಧ್ಯಾಹ್ನ ಅದನ್ನು ನಮ್ಮ ಮನೆಗೆ ತಂದಿಟ್ಟು ಹೋಗಿದ್ದಾನೆ, ನಾನು ಇಂಗ್ಲಿಷಿನಲ್ಲಿ ವಿಳಾಸ ಬರೆಯಬೇಕೆಂದು. ನೀಲಗಂಗಮ್ಮ ಡಬ್ಬಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ಇದನ್ನು ಮಾಡಿದವರು ಯಾರು ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಅವರಿಗೊಂದು ಕಾಗದ ಬರೆದು ಒಳಗಿಡಿ ಎಂದಳು. ಮದರಾಸಿನ ಕಂಪನಿಯವರು ಅದನ್ನು ತೆಗೆದು ಬಿಸಾಡುತ್ತಾರೆ ಎಂದು ಹೇಳಬೇಕೆಂದಿದ್ದೆ. ಹೇಳಲಿಲ್ಲ. ದೌತಿ, ಲೇಖಣಿ ತಂದೆ. ಅವಳು ಹೇಳಿದಳು, ನಾನು ಬರೆದೆ:

‘ಪಿಚ್ಚರ್ ಮಾಡಿದವರಿಗೆ ಶರಣಾರ್ಥಿ. ನಾವು ಬಳ್ಳಾರಿ ಜಿಲ್ಲಾ ಹೊಸಪೇಟೆಯವರು. ನಿಮ್ಮ ಪಿಚ್ಚರ್ ಇಲ್ಲಿ ಭಾಳ ಮಂದಿಗೆ ಸೇರಲಿಲ್ಲ. ನಾಕೈದು ಮಂದಿಗೆ ತಿಳೀತು. ಬಣ್ಣ ಬಳಿದವರಿಗೆ ನಾನು ಕೇಳಿದೆನೆಂದು ಹೇಳ್ರಿ. ಆ ಬೀಗದವನಿಗೆ ಈಗ ಹೆಂಗೈತಿ? ಈ ಕಡೆ ಬಂದ್ರ ಊಟಕ್ಕೆ ನಮ್ಮನಿಗೆ ಬರ್ರಿ. ಬಾಗಿಲ್ದಾಗ ಬಗ್ಗಿ ಬಂದ್ರೂ ಯಾರೂ ಏನೂ ಅನ್ನಂಗಿಲ್ಲ.’

ಒಂದಕ್ಷರ ತಿದ್ದಲಿಲ್ಲ. ಕೊನೆಗೆ, ನಾನೂ ಒಂದು ಸಾಲು ಸೇರಿಸಲೇ ಎಂದು ಕೇಳಿದೆ.

ಅವಳು ಕಾಗದವನ್ನು ತನ್ನ ಕಡೆ ಎಳೆದುಕೊಂಡು ಶಾಯಿ ಆರಲೆಂದು ಊದಿದಳು. “ಇದು ನಂದು. ನಿಮ್ದು ನೀವು ಬ್ಯಾರೆ ಬರ್ಕೊಳ್ರಿ” ಎಂದಳು.

ಇನ್ನೊಂದು ಹಾಳೆ ತೆಗೆದುಕೊಂಡು ಕೂತಿದ್ದೇನೆ.